ಜೋಡಿ ಕೊಟ್ಟು ತಂದ ಖೋಡಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಸಮಸ್ತ ಮಹಾಜನರಿಗೆ, ಎತ್ತುಳ್ಳವರಿಗೆ, ಎತ್ತಿಲ್ಲದವರಿಗೆ ಹಾಗೂ ಎತ್ತು ಇದ್ದೂ ಕಳೆದುಕೊಂಡವರಿಗೆ ತಿಳಿಯಪಡಿಸುವುದೇನೆಂದರೆ: ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಶಿಗ್ಗಾಂವಿಯ ಗುದ್ಲೆಪ್ಪನ ಕಾರಿನ ಹಿಂದಿನ ಸೀಟಿನ ಕಡೆಯಿಂದ ‘ಕಟಕ್’ ಎಂಬ ಸದ್ದು ಬಂದಿತು. ಬಂದದ್ದು ಹೋಗಲಿಲ್ಲ. ಎರಡು ವರ್ಷದ ಹಿಂದೆ ಇಡೀ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಾಗಲೂ ಶಿಗ್ಗಾಂವಿಯ ಕಟ್ಟೆಗಳ ಮೇಲೆ ಇಷ್ಟು ಚರ್ಚೆ ನಡೆದಿರಲಿಲ್ಲ.

ಕಾರು ಮೊದಲು ಸವಣೂರಿನ ಖಾದರಸಾಬನದಾಗಿತ್ತು. ಖಾದರಸಾಬನಿಗೆ ವೀಳ್ಯದೆಲೆಯ ತೋಟವಿತ್ತು, ತೋಟದಲ್ಲಿ ಬಾವಿಯಿತ್ತು, ಬಾವಿಯಿಂದ ನೀರು ಜಗ್ಗಲು ಗಟ್ಟಿಯಾದ ಎತ್ತುಗಳಿರಲಿಲ್ಲ. ಗುದ್ಲೆಪ್ಪನ ಹತ್ತಿರ ಖಿಲಾರಿ ಎತ್ತಿನ ಜೋಡಿಯೊಂದಿತ್ತು, ಕೊಡಲು ಬೇರೇನೂ ಇರಲಿಲ್ಲ. ಅವನಿಗೆ ಕಾರು ಬೇಕಿತ್ತು. ಯಾಕೆ ಬೇಕೆಂಬುದು ಅವನಿಗೇ ಸರಿಯಾಗಿ ತಿಳಿದಿರಲಿಲ್ಲವಾದ್ದರಿಂದ, ಮದುವೆಗಳಿಗೆ ಬಾಡಿಗೆ ಬಿಡುತ್ತೇನೆಂದು ಮನೆಯಲ್ಲಿ ಹೇಳಿದ್ದ.

ವ್ಯಾಪಾರ ಕುದುರಿಸಿದವನು ಹಾನಗಲ್ಲಿನ ದನದ ದಲಾಲ ಭರಮಪ್ಪ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುವುದು ರೂಢಿ. ಇಲ್ಲಿ ಎತ್ತಿಗೆ ಕಾರು, ಕಾರಿಗೆ ಎತ್ತು. ಬೆರಳು ಹಿಡಿಯುವಂಥ ಮಾತೇ ಇರಲಿಲ್ಲ. ಆದರೂ ಟವೆಲ್ಲು ಹಾಕದೆ ವ್ಯಾಪಾರ ಮುಗಿಸಿದರೆ ತನ್ನ ಮನೆತನಕ್ಕೆ ಕುಂದೆಂದು ಭರಮಪ್ಪ ಟವೆಲ್ಲು ಹಾಸಿ, ಅದರ ಕೆಳಗೆ ಇಬ್ಬರ ಕೈಯನ್ನೂ ಸುಮ್ಮನೆ ಸ್ವಲ್ಪ ಹೊತ್ತು ಹಿಡಿಸಿದ. ಆಮೇಲೆ ಕರಾರು ಹೇಳಿದ. ದನಕ್ಕಿರುವ ಕರಾರೇ ಕಾರಿಗೂ. ಎತ್ತು ಹಾಯುತ್ತದೆ, ಒದೆಯುತ್ತದೆ, ನೊಗದಲ್ಲಿ ಮಲಗುತ್ತದೆ ಎಂದರೆ ಅದು ಖೋಡಿ. ಅಂಥ ಖೋಡಿ ಕಂಡವನು ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ದಲಾಲನ ಕಣ್ಣಮುಂದೆ ಅದನ್ನು ತೋರಿಸಬೇಕು. ತೋರಿಸಿದರೆ ಅವರವರದು ಅವರವರಿಗೆ ವಾಪಸ್ಸು.

ಗುದ್ಲೆಪ್ಪನ ಹೆಂಡತಿ ಕರೆವ್ವನಿಗೆ ಈ ವ್ಯಾಪಾರ ತಿಳಿದದ್ದು ಎತ್ತು ಹೋಗಿ ಕಾರು ಬಂದು ನಿಂತ ಮೇಲೆ. ಆ ಎತ್ತುಗಳು ಅವಳ ತವರಿನಿಂದ ಕರುಗಳಾಗಿ ಬಂದವು. ಅವಳ ಕೈಯಿಂದಲೇ ನುಚ್ಚು ನೆಕ್ಕಿ ಬೆಳೆದವು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಪ್ರತಿದಿನ ಮುಂಜಾನೆ ಒಂದು ಹಿಡಿ ಕಣಕಿ, ದನಕ್ಕೆ ಹಾಕುವ ಜೋಳದ ಒಣಮೇವು, ತಂದು ಕಾರಿನ ಮುಂದೆ ಹಾಕಿ ಒಳಗೆ ಹೋಗುತ್ತಿದ್ದಳು. ಬಂದವರೆಲ್ಲ ಅದನ್ನು ನೋಡುತ್ತಿದ್ದರು. ಗುದ್ಲೆಪ್ಪನೇ ಅದನ್ನು ಬಳಿದು ಎತ್ತಿಡಬೇಕಾಗುತ್ತಿತ್ತು.

ಸದ್ದು ಶುರುವಾದ ಮೇಲೆ ಅವಳು ಒಂದೇ ಮಾತು ಆಡಿದಳು.

“ಜೋಡಿ ಕೊಟ್ಟು ಖೋಡಿ ತಂದ್ರಿ. ಬಿತ್ತಿಗಿ ಮುಂದ ಬಂತು. ಇದನ್ನ ಕೂರಿಗಿಗೆ ಹೂಡ್ತೀರೇನು?”

ಗುದ್ಲೆಪ್ಪನಿಗೆ ಅದೇ ಮಾತಿನಲ್ಲಿ ಬೆಳಕು ಕಂಡಿತು. ಖೋಡಿ ಇದೆಯೆಂದರೆ ಕಾರು ವಾಪಸ್ಸು, ಎತ್ತು ಮನೆಗೆ. ಮಳೆ ಬೀಳುವುದರೊಳಗೆ ಎತ್ತು ಬರದಿದ್ದರೆ ಹೊಲ ಬೀಳು, ಹೆಂಡತಿ ತವರಿಗೆ. ಇಷ್ಟು ದಿನ ಸದ್ದಿಗೆ ಹೆದರುತ್ತಿದ್ದವನು ಅಂದಿನಿಂದ ಅದನ್ನು ಕಾಪಾಡತೊಡಗಿದ.

ಆದರೆ ಸದ್ದು ಬಹಳ ಸಂಶಯಾಸ್ಪದವಾದ ಸ್ವಭಾವದ್ದಾಗಿತ್ತು. ಗುದ್ಲೆಪ್ಪ ಒಬ್ಬನೇ ಹೋದರೆ ಬೆನ್ನ ಹಿಂದೆ ಯಾರೋ ಹಲ್ಲು ಕಡಿದಂತೆ ಕಟಕ್ ಕಟಕ್ ಎನ್ನುವುದು. ಪಕ್ಕದ ಮನೆಯ ಹುಚ್ಚಪ್ಪ ರೇಡಿಯೇಟರಿಗೆ ನೀರಿನ ಕೊಡ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತರೆ ಆಗಲೂ ಎನ್ನುವುದು. ಬೇರೆ ಯಾರನ್ನಾದರೂ ಕೇಳಲೆಂದು ಕರೆತಂದರೆ ಬಾಯಿ ಮುಚ್ಚುವುದು. ಹಿಂದಿನ ಸೀಟಿನಲ್ಲಿ ಯಾರೋ ಇದ್ದಾರೆಂದು ಅನಿಸುತ್ತಿದ್ದದ್ದು ಅಲ್ಲಿ ಯಾರೂ ಇಲ್ಲದಾಗ ಮಾತ್ರ.

ಮೊದಲು ಹಾನಗಲ್ಲಿಗೆ ಒಯ್ದು ಲಾರಿ ರಿಪೇರಿ ಮಾಡುವ ಮಿಸ್ತ್ರಿಯೊಬ್ಬನಿಗೆ ತೋರಿಸಿದರು. ದೊಡ್ಡ ಮನುಷ್ಯ ಎಂದು ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಆನಿಕೆರೆಯ ಏರಿಯ ತನಕ ಸುತ್ತಿಸಿದರು. ಅವನು ಕಣ್ಣು ಮುಚ್ಚಿ ಕಿವಿಗೊಟ್ಟ, ಕಿವಿಗೊಟ್ಟು ಹಾಗೆಯೇ ನಿದ್ದೆ ಹೋದ. ಎಬ್ಬಿಸಿದಾಗ ಗಾಡಿ ಛಲೋ ಇದೆ, ತೊಟ್ಟಿಲು ಇದ್ದಂತಿದೆ ಎಂದ. ಆಮೇಲೆ ಹಿರೇಕೆರೂರಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಒಬ್ಬ ಹಿರಿಯ ಡ್ರೈವರನನ್ನು ಹುಡುಕಿಕೊಂಡು ಹೋದರು. ವಯಸ್ಸಿನವರು ಎಂದು ಅವನನ್ನೂ ಹಿಂದೆ ಕೂರಿಸಿದರು. ಅವನು ದಾರಿಯುದ್ದಕ್ಕೂ ಗುದ್ಲೆಪ್ಪ ಗೇರು ಹಾಕುವ ರೀತಿಯನ್ನು ಬೈದು, ಸದ್ದು ಇರುವುದು ಡ್ರೈವರನ ತಲೆಯಲ್ಲಿ ಎಂದು ತೀರ್ಪು ಕೊಟ್ಟು, ಊಟ ಮಾಡಿ ಹೋದ.

ಹಿಂದಕ್ಕೆ ಬರುವಾಗ ಖಾಲಿ ಸೀಟು ಶಿಗ್ಗಾಂವಿಯವರೆಗೂ ಹಲ್ಲು ಕಡಿಯಿತು.

ಇಬ್ಬರೂ ಖಾದರಸಾಬನ ಕಡೆಯವರೆಂದು ಗುದ್ಲೆಪ್ಪನಿಗೆ ಅನುಮಾನ ಬಂತು. ಹುಚ್ಚಪ್ಪ ಅದಕ್ಕೆ ಪುರಾವೆಯನ್ನೂ ಒದಗಿಸಿದ: ಮಿಸ್ತ್ರಿಯ ಬಾಯಲ್ಲೂ ಡ್ರೈವರನ ಬಾಯಲ್ಲೂ ಇದ್ದದ್ದು ಸವಣೂರಿನ ಎಲೆ. ನಾಲ್ಕು ತಾಲೂಕುಗಳಲ್ಲಿ ಯಾರ ಬಾಯಲ್ಲಿ ಸವಣೂರಿನ ಎಲೆ ಇರುವುದಿಲ್ಲ ಎಂದು ಕೇಳುವಷ್ಟು ಸಮಾಧಾನ ಆಗ ಯಾರಿಗೂ ಇರಲಿಲ್ಲ. ಹೇಳುತ್ತಿದ್ದ ಹುಚ್ಚಪ್ಪನ ಬಾಯಲ್ಲೂ ಅದೇ ಎಲೆಯಿತ್ತು.

ಕೊನೆಗೆ ಭರಮಪ್ಪನನ್ನೇ ಕರೆಸಿದರು. ಕರಾರು ಹೇಳಿದವನು, ನಾಲ್ಕು ತಾಲೂಕಿಗೆ ಹಿರಿಯ ದಲಾಲ. ಅವನನ್ನು ಡ್ರೈವರನ ಪಕ್ಕ ಕೂರಿಸಲು ಯಾರಿಗಾದರೂ ಬಾಯಿ ಬರುತ್ತದೆಯೇ? ಹಿಂದಿನ ಸೀಟಿಗೆ ಹೊಸ ಜಮಖಾನ ಹಾಸಿ, ಅದರ ಮೇಲೆ ಕೂರಿಸಿದರು. ಕಾರು ಶಿಗ್ಗಾಂವಿಯ ಎಲ್ಲ ಕುಣಿಗಳಲ್ಲೂ ಇಳಿದು ಎದ್ದಿತು. ಭರಮಪ್ಪ ಮಾತ್ರ ಎದ್ದೆದ್ದು ಬಿದ್ದ; ಸದ್ದು ಏಳಲಿಲ್ಲ. ಖೋಡಿ ಕಾಣಲಿಲ್ಲ, ಅಮಾವಾಸ್ಯೆ ಇನ್ನೂ ದೂರವಿದೆ, ಕಂಡಾಗ ಕರೆಯಿರಿ ಎಂದು ಅವನು ಸೊಂಟ ಹಿಡಿದುಕೊಂಡು ಹೊರಟುಹೋದ.

ಈಗ ಗುದ್ಲೆಪ್ಪ ಎಲ್ಲರನ್ನೂ ಸಂಶಯಿಸತೊಡಗಿದ. ಒಂದು ದಿನ ಹೊಲಕ್ಕೆ ಹೋಗುವಾಗ ಕರೆವ್ವ ಹಿಂದೆ ಕುಳಿತಿದ್ದಳು. ಸೀಟಿನ ಮೇಲೆ ಸಿಟ್ಟು ಕುಳಿತಂತೆ ನೆಟ್ಟಗೆ ಕುಳಿತಿದ್ದಳು. ಸದ್ದಿಲ್ಲ. ಅವಳು ಇಳಿದಳು, ಸದ್ದು ಬಂತು. ಅವಳೇ ಏನೋ ಮಾಡುತ್ತಿದ್ದಾಳೆ ಎಂದು ಅವನು ಎರಡು ಮುಂಜಾನೆ ಕದದ ಹಿಂದೆ ನಿಂತು ಕಾದ. ಅವಳು ಬಂದಳು, ಕಣಕಿ ಹಾಕಿದಳು, ಕದದ ಹಿಂದಿನವರಿಗೆ ಚಹಾ ಆರುತ್ತದೆಂದು ಹೇಳಿ ಒಳಗೆ ಹೋದಳು.

ಹುಚ್ಚಪ್ಪನ ಸಂಶಯ ಬೇರೆ ದಾರಿ ಹಿಡಿದಿತ್ತು. ಖಾದರಸಾಬನ ಚಿಕ್ಕಪ್ಪ ಹಿಂದಿನ ವರ್ಷ ತೀರಿಕೊಂಡಿದ್ದನಂತೆ. ಬದುಕಿದ್ದಾಗ ಈ ಕಾರಿನ ಹಿಂದಿನ ಸೀಟು ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲವಂತೆ.

“ಅವನ ಕುಂತಾನ,” ಎಂದ ಹುಚ್ಚಪ್ಪ ದನಿ ತಗ್ಗಿಸಿ. “ಸವಣೂರ ಮಂದಿ ಅಂದ್ರ ಮರ್ಯಾದಿ ಭಾಳ. ನಾವು ಕುಂಡ್ರಾಕ ಹೋದ ಕೂಡ್ಲೆ ಎದ್ದು ಜಾಗಾ ಬಿಡ್ತಾನ. ನಾವು ಇಳದ್ವಿ ಅಂದ್ರ ಮತ್ತ ಬಂದು ಕುಂಡ್ರತಾನ.”

“ಹಂಗಾರ ಭರಮಪ್ಪ ಕುಂತಾಗ ಎಲ್ಲಿ ಹೋಗಿದ್ದ?”

“ಟಪ್ಪಿನ ಮ್ಯಾಲೆ ಹತ್ತಿದ್ದ ಅಂತ ಕಾಣ್ತೇತಿ.”

ಗುದ್ಲೆಪ್ಪ ಟಪ್ಪನ್ನು, ಅಂದರೆ ಕಾರಿನ ಛಾವಣಿಯನ್ನು, ಹತ್ತಿ ನೋಡಿದ. ಅಲ್ಲಿ ತಗ್ಗಿತ್ತು. ಅದು ಮೊದಲಿನಿಂದ ಇದ್ದ ತಗ್ಗೋ ಹೊಸದೋ ಎಂದು ಇಬ್ಬರಿಗೂ ನೆನಪಾಗಲಿಲ್ಲ. ಸಂಶಯಕ್ಕೆ ಅಷ್ಟು ತಗ್ಗು ಸಾಕಾಯಿತು.

ಅಮಾವಾಸ್ಯೆಗೆ ಸ್ವಲ್ಪ ದಿನ ಉಳಿದಿತ್ತು. ಹುಚ್ಚಪ್ಪ ಎಲ್ಲಿಂದಲೋ ಒಂದು ಮಂತ್ರಿಸಿದ ಲಿಂಬೆಹಣ್ಣು ತಂದು ಖಾಲಿ ಸೀಟಿನ ನಡುವೆ ಇಟ್ಟ. ಕಾರು ಹೊರಟಿತು. ಮೊದಲನೇ ಕುಣಿಗೇ ಲಿಂಬೆಹಣ್ಣು ಉರುಳಿ ಸೀಟಿನ ಸಂದಿಯಲ್ಲಿ ಮಾಯವಾಯಿತು, ಹಿಂದೆಯೇ ಕಟಕ್ ಎಂದಿತು. ಮಂತ್ರಿಸಿದ ಹಣ್ಣನ್ನು ಒಳಗೆ ಬಿಟ್ಟರೆ ಇದ್ದವನ ಜೊತೆಗೆ ಇನ್ನೊಬ್ಬನೂ ಬಂದು ಸೇರಬಹುದೆಂದು ಹುಚ್ಚಪ್ಪನಿಗೆ ಹೆದರಿಕೆ. ಕಾರು ನಿಲ್ಲಿಸಿ ಸಂದಿಯಲ್ಲಿ ಕೈಹಾಕಿದ. ಮೊಳಕೈ ತನಕ ಹೋದ ಕೈ ಒಂದು ಕ್ಷಣ ನಿಂತಿತು; ಆಮೇಲೆ ಹುಚ್ಚಪ್ಪ ಇಡಿಯಾಗಿ ಹೊರಬಂದು ಬದುವಿನ ಮೇಲೆ ಬಿದ್ದ. ಬೆರಳಿನಿಂದ ರಕ್ತ ಸುರಿಯುತ್ತಿತ್ತು.

“ಕಡದ,” ಎಂದ.

ಮನೆಗೆ ತಂದರು. ಕರೆವ್ವ ಬೆರಳಿಗೆ ಅರಿಶಿನ ಒತ್ತಿ ಬಟ್ಟೆ ಸುತ್ತಿದಳು. ಗಾಯ ನೋಡಿ, ಸತ್ತವರ ಹಲ್ಲು ಇಷ್ಟು ಹರಿತ ಇರುವುದಿಲ್ಲ ಎಂದಳು. ಆಮೇಲೆ ಗಂಡನಿಗೆ ಹಾರೆ ತರಲು ಹೇಳಿದಳು. ಇಬ್ಬರೂ ಸೇರಿ ಹಿಂದಿನ ಸೀಟನ್ನೇ ಮೀಟಿ ಎತ್ತಿದರು. ಕೆಳಗೆ ಲಿಂಬೆಹಣ್ಣು ಇತ್ತು. ಅದರ ಪಕ್ಕದಲ್ಲಿ ಗಿಳಿಯ ಆಕಾರದ ಒಂದು ಹಿತ್ತಾಳೆಯ ಅಡಕೊತ್ತು, ಅಡಿಕೆ ಕತ್ತರಿಸುವಂಥದ್ದು, ಬಾಯಿ ತೆರೆದುಕೊಂಡು ಬಿದ್ದಿತ್ತು.

ಗುಟ್ಟು ಅಷ್ಟೇ. ಸೀಟು ಖಾಲಿಯಿದ್ದಾಗ ಕೆಳಗಿನ ಸ್ಪ್ರಿಂಗು ಸಡಿಲವಿರುತ್ತಿತ್ತು. ಪ್ರತಿ ಕುಣಿಗೂ ಅಡಕೊತ್ತು ಹಾರಿ ಬಾಯಿ ತೆರೆದು ಮುಚ್ಚುತ್ತಿತ್ತು. ಯಾರಾದರೂ ಕುಳಿತರೆ ಸ್ಪ್ರಿಂಗು ಅದನ್ನು ಅದುಮಿ ಹಿಡಿಯುತ್ತಿತ್ತು. ಕೇಳಲು ಬಂದವರಿಗೆಲ್ಲ ಮರ್ಯಾದೆ ಕೊಟ್ಟು ಹಿಂದೆ ಕೂರಿಸಿ, ಸದ್ದಿನ ಬಾಯನ್ನು ಅವರಿಂದಲೇ ಮುಚ್ಚಿಸಿದ್ದರು.

ಗುದ್ಲೆಪ್ಪ ಕುಣಿದಾಡಿದ. ಅಡಕೊತ್ತು ತನ್ನ ಮನೆಯದಲ್ಲ. ಅಂದಮೇಲೆ ಸವಣೂರಿನದು. ಅಂದಮೇಲೆ ಖೋಡಿ ಮಾರುವ ಮೊದಲೇ ಇತ್ತು. ಅಂದಮೇಲೆ ಎತ್ತು ತನ್ನವು. ಇಷ್ಟು ಗಟ್ಟಿಯಾದ ಪುರಾವೆ ಹಾವೇರಿ ಕೋರ್ಟಿನಲ್ಲಿಯೂ ಯಾರೂ ಹಾಜರುಪಡಿಸಿರಲಿಕ್ಕಿಲ್ಲ ಎಂದು ಅವನು ಓಣಿಯೆಲ್ಲ ಹೇಳಿಕೊಂಡು ಬಂದ. ಕರೆವ್ವ ಬಹಳ ದಿನಗಳ ಮೇಲೆ ನಕ್ಕಳು. ಅಡಕೊತ್ತನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದಂತೆ ಮಾಡಿದಳು. ಮರುದಿನ ಮುಂಜಾನೆ ಕಾರಿನ ಮುಂದೆ ಕಣಕಿ ಬೀಳಲಿಲ್ಲ.

ಅಮಾವಾಸ್ಯೆಯ ದಿನ ಮಧ್ಯಾಹ್ನ ಕಾರು ಸವಣೂರಿಗೆ ಹೊರಟಿತು. ಮುಂದೆ ಬೆರಳಿಗೆ ಬಟ್ಟೆ ಸುತ್ತಿದ ಹುಚ್ಚಪ್ಪ, ಸಾಕ್ಷಿಯಾಗಿ. ಹಿಂದೆ ಕರೆವ್ವ, ಮಡಿಲಲ್ಲಿ ಎತ್ತುಗಳ ಗೆಜ್ಜೆಸರ. ಬರುವಾಗ ಎತ್ತು ಹೊಡೆದುಕೊಂಡು ನಡೆದೇ ಬರುತ್ತೇನೆಂದು ಹೇಳಿದ್ದಳು.

ಎಲೆತೋಟದ ಬಾವಿಯ ಹತ್ತಿರ ಖಾದರಸಾಬ, ಅವನ ತಾಯಿ ಗೌಸಬಿ, ಆಕೆಯ ಸೊಸೆ ಮುಮ್ತಾಜಬೇಗಂ ಇದ್ದರು. ಭರಮಪ್ಪ ಆಗಲೇ ಬಂದು ಹೊರಸಿನ ಮೇಲೆ ಕುಳಿತಿದ್ದ. ಗುದ್ಲೆಪ್ಪ ಅಡಕೊತ್ತನ್ನು ಎತ್ತಿ ಹಿಡಿದು, ಇದು ಯಾರದೆಂದು ಎಲ್ಲರೆದುರು ಹೇಳಬೇಕೆಂದ. ಖಾದರಸಾಬ ಅಲ್ಲಗಳೆಯುತ್ತಾನೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅದೊಂದೂ ಬೇಕಾಗಲಿಲ್ಲ. ಗೌಸಬಿ ಎದ್ದು ಬಂದು ಅದನ್ನು ಕಿತ್ತುಕೊಂಡಳು. ತನ್ನದೇ, ಮದುವೆಯಲ್ಲಿ ಬಂದದ್ದು, ಕಳೆದ ವರ್ಷ ಕಾರಿನಲ್ಲಿ ಹಾನಗಲ್ಲಿಗೆ ಹೋಗಿ ಬಂದ ದಿನದಿಂದ ಕಾಣೆಯಾಗಿತ್ತು ಎಂದಳು. ಒಂದು ವರ್ಷ ಅದನ್ನು ತವರಿಗೆ ಸಾಗಿಸಿದ ಆಪಾದನೆ ಹೊತ್ತಿದ್ದ ಮುಮ್ತಾಜಬೇಗಂ ಅತ್ತೆಯನ್ನು ಸುಮ್ಮನೆ ನೋಡಿದಳು. ಗೌಸಬಿ ತೋಟದ ಕಡೆ ನೋಡಿದಳು.

“ಕೇಳಿದ್ರಿಲ್ಲೋ ದಲಾಲ್ರ,” ಎಂದ ಗುದ್ಲೆಪ್ಪ. “ಇವರದ ಐತಿ ಅಂತ ಇವರ ಬಾಯಿಂದನ ಬಂತು. ಎತ್ತು ಬಿಚ್ಚಸ್ರಿ.”

ಭರಮಪ್ಪ ನಿಧಾನವಾಗಿ ಎದ್ದ. ಕರಾರಿನಂತೆ ಖೋಡಿ ನೋಡುತ್ತೇನೆಂದ. ಈ ಸಲ ಎಲ್ಲರ ಮಾತು ಕೇಳಿ ಮುಂದೆ ಕುಳಿತ. ಹಿಂದಿನ ಸೀಟು ಖಾಲಿ. ಕಾರು ಮಸೀದಿಯ ತನಕ ಹೋಯಿತು, ಕೆರೆಯ ಏರಿಯ ಮೇಲೆ ಹೋಯಿತು, ಬೇಕೆಂದೇ ಕಲ್ಲುಗಳ ಮೇಲೆ ಹತ್ತಿ ಇಳಿದು ತೋಟಕ್ಕೆ ಬಂತು. ಇಂಜಿನ್ನಿನ ಸದ್ದೊಂದು ಬಿಟ್ಟರೆ ಏನೂ ಇಲ್ಲ.

ಗುದ್ಲೆಪ್ಪ, ಸದ್ದು ಮಾಡುತ್ತಿದ್ದದ್ದು ಹೊರಗಿದೆಯಲ್ಲ, ಒಳಗೆ ಹೇಗೆ ಕೇಳಿಸಬೇಕು ಎಂದ.

“ಅದನ್ನ ನಾನೂ ಹೇಳಾಕತ್ತೇನಿ,” ಎಂದ ಭರಮಪ್ಪ. “ಎತ್ತು ಕುಂಟತಿತ್ತು ಅಂತ ತಿಳ್ಕೊ. ನೀ ಅದರ ಕಾಲಾಗಿನ ಮುಳ್ಳು ಕಿತ್ತಿ. ಎತ್ತು ನೆಟ್ಟಗ ನಡ್ಯಾಕತ್ತು. ಈಗ ಮುಳ್ಳು ಹಿಡ್ಕೊಂಡು ಬಂದು ಎತ್ತು ವಾಪಸ್ ತಗೋರಿ ಅಂದ್ರ ಹ್ಯಾಂಗಪಾ? ಕರಾರು ಇರೂದು ಖೋಡಿ ತೋರ್ಸು ಅಂತ. ಖೋಡಿ ಇತ್ತು ಅಂತ ಹೇಳು ಅಂತಲ್ಲ.”

“ಹಂಗಾರ ಅಮ್ಮಾರ ಕಡಿಂದ ಅಡಕೊತ್ತ ಇಸಗೊಂಡು ಮತ್ತ ಒಳಗ ಇಡ್ತೇನಿ.”

“ಇಡಾಕ ಬರ್ತೇತಿ. ಆದ್ರ ಅದು ಇವತ್ತ ನೀ ಚುಚ್ಚಿದ ಮುಳ್ಳು ಆಗ್ತೇತಿ. ಖಾದರಸಾಬ ಕೊಟ್ಟಿದ್ದಲ್ಲ.”

ಖಾದರಸಾಬನಿಗೂ ಬೇಸರವಾದಂತೆ ಕಂಡಿತು. ಆದರೆ ಬಾವಿಯಲ್ಲಿ ನೀರಿತ್ತು, ಎಲೆ ಬಾಡುತ್ತಿತ್ತು. ಕೂತು ಚಹಾ ಕುಡಿದು ಹೋಗಬೇಕೆಂದು ಮಾತ್ರ ಹೇಳಿದ. ಗೌಸಬಿ ಆಗಲೇ ಹೊಸ ಹೊಳಪಿನ ಅಡಕೊತ್ತಿನಿಂದ ಅಡಿಕೆ ಕತ್ತರಿಸತೊಡಗಿದ್ದಳು.

ಕರೆವ್ವ ಬಾವಿಯ ಇಳಿಜಾರಿನಲ್ಲಿ ನಿಂತಿದ್ದ ಎತ್ತುಗಳ ಹತ್ತಿರ ಹೋಗಿ, ಎರಡರ ಕೊರಳಿಗೂ ಗೆಜ್ಜೆಸರ ಕಟ್ಟಿ, ಗಂಗೆದೊಗಲು ಸವರಿ ಬಂದಳು. ಬಂದವಳು ಹುಚ್ಚಪ್ಪನನ್ನು ಸವಣೂರಿನಿಂದ ಬಸ್ಸಿಗೆ ಬರಲು ಹೇಳಿ, ಮುಂದಿನ ಸೀಟಿನಲ್ಲಿ ಕುಳಿತಳು.

“ಹೊತ್ತು ಮುಣಗಾಕ ಇನ್ನೂ ಟೈಮ್ ಐತಿ,” ಎಂದಳು ಗಂಡನಿಗೆ. “ಮತ್ತೊಂದು ಖೋಡಿ ಸಿಕ್ರ ತಿರಗಿ ಬಂದು ತೋರಸೂಣು. ಕುಣಿ ಇದ್ದಲ್ಲೆ ಹೊಡೀರಿ.”

ಗುದ್ಲೆಪ್ಪ ಶಿಗ್ಗಾಂವಿಯ ದಾರಿಯಲ್ಲಿ ಒಂದು ಕುಣಿಯನ್ನೂ ಬಿಡದೆ ಕಾರು ಇಳಿಸಿದ. ಪ್ರತಿ ಕುಣಿಗೂ ಇಬ್ಬರೂ ಹಿಂದಕ್ಕೆ ಕಿವಿಗೊಟ್ಟರು.