ಕಡೆಯ ನುಡಿ ಬಿಟ್ಟ ಪುಸ್ತಕ

ಬಳ್ಳಾರಿಯಲ್ಲಿ ಸ್ವಂತ ಖರ್ಚಿನಿಂದ ಪುಸ್ತಕ ಅಚ್ಚು ಹಾಕಿಸುವ ಹುಚ್ಚು ಹತ್ತಿದವರೆಲ್ಲ ಮೊದಲು ಬ್ರೂಸ್‌ಪೇಟೆಯ ಪ್ರಹ್ಲಾದರಾಯರ ಮನೆಕಟ್ಟೆಗೆ ಬಂದು ಕೂಡುತ್ತಿದ್ದರು. ರಾಯರು ಸಾಲೆಯ ಮಾಸ್ತರರು. ಹಾಕಿಸಿದ್ದು ಒಂದೇ ಪುಸ್ತಕವಾದರೂ ಕೈಸುಟ್ಟುಕೊಳ್ಳದೆ ಹಾಕಿಸಿದರು ಎಂಬ ಹೆಸರು ಊರಲ್ಲೆಲ್ಲ ಇತ್ತು. ಬಂದವರಿಗೆ ಬೇಸರವಿಲ್ಲದೆ ಬುದ್ಧಿ ಹೇಳುವರು, ಮಜ್ಜಿಗೆ ಕೊಡಿಸುವರು. ಆದರೆ ನಿಮ್ಮ ಪುಸ್ತಕ ಒಮ್ಮೆ ತೋರಿಸಿ ಎಂದು ಯಾರಾದರೂ ಕೇಳಿದರೆ ಮಾತ್ರ ಪ್ರತಿ ಉಳಿದಿಲ್ಲ ಎಂದುಬಿಡುವರು. ಅಟ್ಟದ ಮೇಲೆ ಅರವತ್ತು ಪ್ರತಿಗಳು ಇಲಿಗಳ ಪಾಲಾಗುತ್ತಿದ್ದವು.

೧೮೯೫ರ ಬೇಸಿಗೆಯಲ್ಲಿ ಬಂದವನು ಮರಿಬಸಪ್ಪ, ಹೊಸದಾಗಿ ಕೆಲಸಕ್ಕೆ ಸೇರಿದ ಮಾಸ್ತರ. ಬಗಲಲ್ಲಿ ತಾನು ಊರೂರು ತಿರುಗಿ ಬರೆದುಕೊಂಡ ಒಗಟುಗಳ ಕಟ್ಟು. ಜೊತೆಗೊಂದು ಬಟ್ಟೆಯ ಗಂಟು, ಅದನ್ನು ಕಂಬದ ಬುಡದಲ್ಲಿ ಇಳಿಸಿ ಕೂತ. ಗಂಟು ಏನೆಂದು ರಾಯರು ಕೇಳಲಿಲ್ಲ. ಬುದ್ಧಿ ಹೇಳುವ ಉಮೇದಿನಲ್ಲಿದ್ದರು.

"ಒಂದು ಫಾರಮ್ಮಿಗೆ ಹದಿನಾರು ಪುಟ," ಎಂದು ಶುರುಮಾಡಿದರು. "ಹದಿನೇಳನೇ ಪುಟಕ್ಕ ಕಾಲಿಟ್ಟಿ ಅಂದ್ರ ಇನ್ನೊಂದು ಫಾರಂ ಖರ್ಚು ತಲಿ ಮ್ಯಾಲ ಬಿತ್ತು. ಅದಕ್ಕ ಅಚ್ಚುಕೂಟದ ಮೆಟ್ಟಿಲು ಹತ್ತೂ ಮೊದಲ ಪುಟ ಎಣಿಸು. ರಟ್ಟು ಬ್ಯಾಡ, ಬಣ್ಣದ ಕಾಗದದ ಹೊದಿಕಿ ಸಾಕು. ಇನ್ನೂರೈವತ್ತರ ಮ್ಯಾಲ ಒಂದು ಪ್ರತಿನೂ ಹಾಕಸಬ್ಯಾಡ. ಕರಡು ನೀನ ಕೂತು ತಿದ್ದು. ಇಲ್ಲೆ ತೆಲುಗು ಅಚ್ಚಿನ ಮೊಳಿ ಭಾಳ, ಕನ್ನಡದ್ದು ಕಡಿಮಿ. ಒತ್ತಕ್ಷರ ಸಾಲದಿದ್ರ ತೆಲುಗಿಂದ ತಂದು ತುರುಕ್ತಾರ. ಮತ್ತ ಮುಂಗಡ ಕೊಡೋರನ್ನ ಹಿಡಿ. ಪುಸ್ತಕದ ಕೊನಿಗೆ ಅವರ ಹೆಸರು ಹಾಕ್ತೀನಿ ಅನ್ನು. ಹೆಸರಿನ ಆಸಿ ಯಾರಿಗಿಲ್ಲ?"

ಅಷ್ಟು ಹೇಳಿ ತಾವೇ ನಕ್ಕು, "ಯಾವೂರಪ್ಪಾ ನಿಂದು?" ಎಂದರು.

"ಸಿರಿಗೇರಿರಿ. ಕೆಲಸ ಕುರುಗೋಡಿನ ಸಾಲ್ಯಾಗ."

ರಾಯರ ನಗು ಅಲ್ಲಿಗೇ ನಿಂತಿತು.

ಒಂಬತ್ತು ವರ್ಷದ ಹಿಂದೆ ರಾಯರೂ ಅದೇ ಕುರುಗೋಡಿನ ಸಾಲೆಯಲ್ಲಿದ್ದರು. ಅವರ ಬಾಡಿಗೆ ಕೋಣೆಯ ಗೋಡೆಗೆ ಆಚೆ ಉಚ್ಚಂಗೆಮ್ಮನ ಬೀಸುವ ಕಲ್ಲು. ಮೂಡಲು ಕೆಂಪಾಗುವ ಮೊದಲೇ ಕಲ್ಲಿನ ಗುರುಗುರು, ಅದರ ಜೊತೆಗೆ ಹಾಡು. ಮೊದಮೊದಲು ನಿದ್ದೆ ಕೆಟ್ಟಿತೆಂದು ಸಿಡುಕಿದ ರಾಯರು ಆಮೇಲೆ ಹಾಡಿಗಾಗಿಯೇ ಏಳತೊಡಗಿದರು. ಕೊನೆಗೆ ಕಾಗದ ಹಿಡಿದು ಅವಳ ಅಂಗಳಕ್ಕೇ ಹೋಗಿ ಕೂತರು. ಎಲ್ಲ ಅವಳೇ ಕಟ್ಟಿದ ಹಾಡುಗಳು, ಮೂವತ್ತಾರು. ಪ್ರತಿ ಹಾಡಿನ ಕಡೆಗೂ ಒಂದೇ ನುಡಿ:

ಊರು ಕುರುಗೋಡವ್ವ, ಕೇರಿ ಬಸವನ ಮುಂದ
ಜೋಳ ಬೀಸ್ಯಾಳ ಉಚ್ಚಂಗಿ, ಹಾಡಿದರ
ಕೇಳಾವ ಬಸವ ಒಬ್ಬಾನ.

ಆ ಓಣಿಯ ಹೆಂಗಸರದೊಂದು ರೂಢಿಯಿತ್ತು. ಕಲ್ಲಿನ ಎದುರು ಕೂತವಳು ಉಳಿದೆಲ್ಲ ನುಡಿಗೂ ದನಿ ಕೂಡಿಸಬಹುದು. ಕಡೆಯ ನುಡಿ ಬಂದಾಗ ಸುಮ್ಮನಾಗಬೇಕು. ಅದನ್ನು ಹಾಡು ಕಟ್ಟಿದವಳೊಬ್ಬಳೇ ಹಾಡಬೇಕು. ಅದು ಅವಳ ಗುರುತು. ರಾಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹರಿದಾಸರ ಹಾಡು ಕೇಳುತ್ತಲೇ ಬೆಳೆದ ಮನೆತನ ಅವರದು. ಅಂಕಿತ ಬಿಟ್ಟು ಹಾಡಿದರೆ ಅವರ ತಾಯಿ ಕೈಯಲ್ಲಿದ್ದ ತಾಳ ಕೆಳಗಿಡುತ್ತಿದ್ದಳು.

ಬಳ್ಳಾರಿಗೆ ವರ್ಗವಾದ ಮೇಲೆ ರಾಯರು ಆ ಹಾಡುಗಳನ್ನು ದುರುಗಪ್ಪನ ಅಚ್ಚುಕೂಟಕ್ಕೆ ಒಯ್ದರು. ದುರುಗಪ್ಪ ಎಣಿಸಿ ನೋಡಿ ತಲೆ ಕೆರೆದುಕೊಂಡ.

"ನಾಕು ಫಾರಂ ತುಂಬಿ ಐದನೇದಕ್ಕ ಆರು ಪುಟ ಚಾಚೈತ್ರಿ ಮಾಸ್ತರ. ಆರು ಪುಟಕ್ಕ ಇಡೀ ಫಾರಮ್ಮಿನ ಖರ್ಚು ಯಾಕ್ರಿ? ಎಲ್ಲಾ ಹಾಡಿನ ಕಡಿಗೂ ಅದ ಮೂರು ಸಾಲು ಐತಿ. ತಗದು ಒಗೀರಿ. ನಾಕರಾಗ ಕುಂದ್ರತೈತಿ."

ರಾಯರ ಕೈಯಲ್ಲಿ ಅಷ್ಟೇ ದುಡ್ಡಿದ್ದದ್ದು ನಿಜ. ಪೀಠಿಕೆಯಲ್ಲಿ ಉಚ್ಚಂಗೆಮ್ಮನ ಹೆಸರು, ಊರು, ಆ ನುಡಿ ಎಲ್ಲ ಒಮ್ಮೆ ಹಾಕಿದರಾಯಿತು ಎಂದು ತಮಗೆ ತಾವೇ ಹೇಳಿಕೊಂಡು ಮೂವತ್ತಾರು ಕಡೆ ಗೀಟು ಎಳೆದರು. ಆಮೇಲೆ ಮುಂಗಡಕ್ಕಾಗಿ ಸಿರುಗುಪ್ಪಕ್ಕೆ ಹೋದರು. ಅಲ್ಲಿ ಗದ್ದೆಗಳ ಒಡೆಯರಾದ ರಾಘಣ್ಣನವರು ತಮ್ಮ ಹೆಸರಿನ ಜೊತೆಗೆ ಅಳಿಯಂದಿರು, ಬೀಗರು ಎಂದು ಹತ್ತು ಹೆಸರು ಬರೆಸಿದರು. ಪಟ್ಟಿ ಒಂದು ಪುಟ ದಾಟಿತು. ಮತ್ತೆ ಜಾಗದ ಪಂಚಾಯಿತಿ. ದುರುಗಪ್ಪ ಈ ಸಲ ಏನೂ ಹೇಳಲಿಲ್ಲ. ಪೀಠಿಕೆಯ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡವರು ರಾಯರೇ. ಮೊದಲ ಪುಟದ ಕರಡಿನಲ್ಲಿ ತಮ್ಮ ಹೆಸರು ದಪ್ಪ ಅಕ್ಷರದಲ್ಲಿ, ಒಂಟಿಯಾಗಿ ಕೂತದ್ದನ್ನು ನೋಡಿ ಅವತ್ತು ಅವರಿಗೆ ಖುಷಿಯಾಯಿತು. ಬೇರೆ ಏನಾದರೂ ಆಯಿತೆಂದು ಹೇಳಿದರೆ ಅದು ಸುಳ್ಳು.

ಪುಸ್ತಕ ಮನೆಗೆ ಬಂದಾಗ ಹೆಂಡತಿ ಸರಸ್ವತಿಬಾಯಿ ಎರಡು ಹಾಡು ಗುನುಗಿ, "ಇವಕ್ಕ ಅಂಕಿತ ಎಲ್ಲೆ ಅದ?" ಎಂದಳು.

"ಬೀಸೂ ಹಾಡಿಗೆ ಅಂಕಿತ ಇರೂದಿಲ್ಲ," ಎಂದರು ರಾಯರು. ಅವಳು ನಂಬಿದಳು. ಅವಳು ನಂಬಿದ್ದು ಇವರಿಗೆ ಊಟ ಸೇರದಂತೆ ಮಾಡಿತು.

ಒಂದು ಪ್ರತಿ ಕೊಟ್ಟು ಬರಲೇಬೇಕಲ್ಲ, ಕುರುಗೋಡಿಗೆ ಹೋದರು. ಓದು ಬಾರದ ಉಚ್ಚಂಗೆಮ್ಮ ಕೈ ತೊಳೆದುಕೊಂಡು ಬಂದು ಕೂತು, "ಓದ್ರಿ, ಕೇಳೂಣು," ಎಂದಳು. ರಾಯರು ಓದಿದರು. ಹಾಡು ಮುಗಿದು ಅಚ್ಚು ನಿಂತಲ್ಲಿ ಅವರ ದನಿಯೂ ನಿಂತಿತು. ಉಚ್ಚಂಗೆಮ್ಮ ಕಣ್ಣು ಮುಚ್ಚಿ ಕಡೆಯ ನುಡಿಯನ್ನು ತಾನೇ ಹಾಡಿದಳು.

"ಎಷ್ಟು ಮರ್ಯಾದಿರಿ ನಿಮಗ," ಎಂದಳು ಆಮೇಲೆ. "ಅದನ್ನ ನಾನ ಹಾಡ್ಬೇಕಂತ ಸುಮ್ಕಾದ್ರಿ."

ರಾಯರು ಹೂಂ ಎಂದರು. ಅಲ್ಲಿಗೆ ಬಿಟ್ಟಿದ್ದರೆ ಒಂದೇ ಸುಳ್ಳಾಗುತ್ತಿತ್ತು. ಅವಳು ಪುಸ್ತಕವನ್ನು ಮುಂದಕ್ಕೆ ಚಾಚಿ, "ನನ್ನ ಹೆಸರು ಎಲ್ಲಿ ಐತಿ ತೋರಸ್ರಿ," ಎಂದಳು. ರಾಯರು ಕೊನೆಯ ಪುಟ ತೆರೆದು, ಪಟ್ಟಿಯ ಮೇಲ್ತುದಿಯಲ್ಲಿದ್ದ ಸಿರುಗುಪ್ಪದ ರಾಘಣ್ಣನ ಹೆಸರಿನ ಮೇಲೆ ಬೆರಳಿಟ್ಟರು. ಉಚ್ಚಂಗೆಮ್ಮ ದೇವರ ಜಗಲಿಯಿಂದ ಕುಂಕುಮ ತಂದು ಆ ಅಕ್ಷರಗಳಿಗೆ ಹಚ್ಚಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ರಾಯರು ಆಮೇಲೆ ಕುರುಗೋಡಿನ ದಾರಿ ತುಳಿಯಲಿಲ್ಲ. ಅಲ್ಲಿ ಓದು ಬಲ್ಲವರು ಯಾರಾದರೂ ಒಂದು ದಿನ ಆ ಮನೆಗೆ ಹೋಗುತ್ತಾರೆ ಎಂಬ ಹೆದರಿಕೆ ಮಾತ್ರ ಅಂದಿನಿಂದ ಎದೆಯಲ್ಲೇ ಉಳಿಯಿತು.

ಆ ಓದು ಬಲ್ಲವನು ಈಗ ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತಿದ್ದ.

"ಉಚ್ಚಂಗೆಮ್ಮನ ಮಗ್ಗಲ ಮನ್ಯಾಗ ಅದೀನ್ರಿ," ಎಂದ ಮರಿಬಸಪ್ಪ, ಲೋಟ ಕೆಳಗಿಟ್ಟು. "ನಿಮ್ಮ ಪುಸ್ತಕ ದೇವರ ಜೋಡಿ ಜಗಲಿ ಮ್ಯಾಲ ಇಟ್ಟಾಳ್ರಿ. ಹೋದ ತಿಂಗಳು ನನ್ನ ಕೈಗೆ ಕೊಟ್ಟು, ಕುಂಕುಮ ಹಚ್ಚಿದ್ದನ್ನ ಓದು ಅಂದ್ಳು. ಓದಿದೆ. ಏನು ಐತಿ ಅದನ್ನ ಓದಿಬಿಟ್ಟೆ."

ರಾಯರಿಗೆ ಬೀದಿಯ ಗಾಡಿಗಳ ಸದ್ದು ಕೇಳಿಸದಾಯಿತು. "ಏನಂದ್ಳು?"

"ಪುಸ್ತಕ ತಗೊಂಡು ಮತ್ತ ಜಗಲಿ ಮ್ಯಾಲ ಇಟ್ಳ್ರಿ. ಆಮ್ಯಾಲ, ಬೆರಳಿಟ್ಟು ತೋರಿಸಿ ಹೋದ ಮಾಸ್ತರು ಮತ್ತ ಈ ಕಡಿ ಬರಲೇ ಇಲ್ಲಪ್ಪಾ, ಯಾಕಂತ ಈಗ ತಿಳೀತು ಅಂದ್ಳು. ಬಳ್ಳಾರಿಗೆ ಹೋದ್ರ ಈ ಜೋಳ ಅವರ ಮನಿಗೆ ಕೊಟ್ಟು ಬಾ, ಈ ಮಾತು ಮಾತ್ರ ಎತ್ತಬ್ಯಾಡ, ಅವರಿಗೆ ನಾಚಿಕಿ ಆಗ್ತೈತಿ ಅಂದಿದ್ಳ್ರಿ." ಮರಿಬಸಪ್ಪ ತಲೆ ತಗ್ಗಿಸಿದ. "ನಾ ಹೇಳಿಬಿಟ್ಟೆ. ನಂಗೂ ಒಂದು ಪುಸ್ತಕ ಹಾಕಸೋದೈತ್ರಿ, ಒಗಟು ಹೇಳಿದವರ ಹೆಸರು ಬಿಟ್ಟು ಹೋಗಬಾರದಲ್ರಿ, ಅದಕ್ಕ."

ಬೈದಿದ್ದರೆ, ಊರೆಲ್ಲ ಹೇಳಿಕೊಂಡು ತಿರುಗಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಜೋಳ ಕಳಿಸಿದ್ದನ್ನು ತಡೆದುಕೊಳ್ಳಲು ಅವರಿಂದ ಆಗಲಿಲ್ಲ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ಬಾಗಿ ಕಂಬದ ಬುಡದಲ್ಲಿದ್ದ ಗಂಟನ್ನು ಎತ್ತಿಕೊಂಡರು. ಇಷ್ಟು ಭಾರ ಇದ್ದೀತೆಂದು ಅಂದುಕೊಂಡಿರಲಿಲ್ಲ.

ಲೋಟ ಒಯ್ಯಲು ಬಂದ ಸರಸ್ವತಿಬಾಯಿ ಬಾಗಿಲಲ್ಲಿ ನಿಂತು, "ಈ ಗಂಟು ಯಾರು ಕಳಿಸ್ಯಾರ?" ಎಂದಳು.

"ನನ್ನ ಪುಸ್ತಕದಾಗಿನ ಹಾಡು ಕಟ್ಟಿದಾಕಿ," ಎಂದರು ರಾಯರು. "ಕುರುಗೋಡಿನ ಉಚ್ಚಂಗೆಮ್ಮ."