ಮುಲಾಜಿಲ್ಲದ ಸಾಲು

ಆ ಸಮ್ಮೇಳನಕ್ಕೆ ಬಂದವರೆಲ್ಲರಿಗೂ ಅವಳು ‘ಕ್ಯೂ ಮೇಡಂ’. ಹತ್ತಾರು ಸಂಸ್ಥೆಗಳ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಹೆಣೆದ ಗ್ರಿಡ್‌ನಲ್ಲಿ ಯಾರ ಲೆಕ್ಕ ಮೊದಲು ಓಡಬೇಕು, ಯಾರದು ಕಾಯಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಂ ಅವಳದು. ಎಂತೆಂಥ ಪ್ರೊಫೆಸರುಗಳು ಹಲ್ಲುಗಿಂಜಿದರೂ ಅವಳು ಸಾಲು ಮುರಿದವಳಲ್ಲ. ಅಷ್ಟೇಕೆ, ಕಟ್ಟಿಕೊಂಡ ಗಂಡನಿಗೂ ಅದೇ ಗತಿ. ಸೇತುವೆಗಳ ಎಂಜಿನಿಯರಾದ ಅವನು ಲೆಕ್ಕ ಕಳಿಸಿದಾಗಲೆಲ್ಲ ಊಟದ ಮೇಜಿನಲ್ಲಿ, "ಸ್ವಲ್ಪ ಮುಂದಕ್ಕೆ ತಳ್ಳೇ" ಎನ್ನುತ್ತಿದ್ದ. "ಸಾಲಲ್ಲಿ ನಿಂತ್ಕೋ ಹೋಗಪ್ಪ" ಎನ್ನುತ್ತಿದ್ದಳು ಅವಳು. ಇಬ್ಬರೂ ನಗುತ್ತಿದ್ದರು. ಮದುವೆಯಾದಾಗಿನಿಂದ ಹಳಸದೆ ಉಳಿದ ತಮಾಷೆ ಅದೊಂದೇ ಇರಬೇಕು.

ಅವತ್ತು ಊಟದ ನಂತರ ಅವಳ ಪ್ರಾತ್ಯಕ್ಷಿಕೆಯಿತ್ತು. ಚಂಡಮಾರುತದ ಮುನ್ಸೂಚನೆಯಂಥ ತುರ್ತು ಲೆಕ್ಕ ಬಂದರೆ ಇಡೀ ಗ್ರಿಡ್ ಮಿಕ್ಕಿದ್ದನ್ನೆಲ್ಲ ನಿಲ್ಲಿಸಿ ಹೇಗೆ ಅದೊಂದಕ್ಕೇ ದುಡಿಯುತ್ತದೆಂದು ಎಲ್ಲರ ಕಣ್ಣೆದುರು ತೋರಿಸಬೇಕಿತ್ತು. ನಿಂತ ಲೆಕ್ಕಗಳು ಆಗಾಗ ತಮ್ಮ ಫಲಿತಾಂಶ ಉಳಿಸಿಟ್ಟುಕೊಂಡಿದ್ದರೆ ಆಮೇಲೆ ಅಲ್ಲಿಂದಲೇ ಮುಂದುವರಿಯುತ್ತವೆ. ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಉಳಿಸುತ್ತ ಕೂತರೆ ಓಟ ನಿಧಾನವಾಗುತ್ತದೆಂದು ಗಂಡ ತನ್ನ ಲೆಕ್ಕದಲ್ಲಿ ಅದನ್ನು ಬಂದ್ ಮಾಡಿದ್ದ.

"ತಿಂಗಳಿಂದ ಓಡ್ತಿದೆ, ಇವತ್ತು ಊಟದ ಹೊತ್ತಿಗೆ ಮುಗಿಯುತ್ತೆ. ನಿನ್ನ ಆಟ ಅದಾದ್ಮೇಲೆ ತಾನೇ?" ಎಂದು ಬೆಳಿಗ್ಗೆ ಹೋಟೆಲ್ ಕೋಣೆಯಲ್ಲಿ ಬೂಟು ಕಟ್ಟುತ್ತ ಕೇಳಿದ್ದ. ಹೌದು ಎಂದಿದ್ದಳು.

ಆದರೆ ಊಟಕ್ಕೆ ಮುಂಚೆ ಮಾತಾಡಬೇಕಿದ್ದವನ ವಿಮಾನ ಕೈಕೊಟ್ಟಿತು. ಅಧ್ಯಕ್ಷರು ಅವಳನ್ನೊಂದು ಮಾತೂ ಕೇಳದೆ, "ಕ್ಯೂ ಮೇಡಂ ಈಗಲೇ ಶುರು ಮಾಡ್ತಾರೆ" ಎಂದು ಮೈಕಿನಲ್ಲಿ ಹೇಳಿಬಿಟ್ಟರು. ಕರೆದ ಮೇಲೆ ಹೋಗದಿರುವ ಜಾಯಮಾನ ಅವಳದಲ್ಲ. ವೇದಿಕೆ ಹತ್ತಿ, "ಈ ಸಾಲಿಗೆ ಯಾರ ಮುಲಾಜೂ ಇಲ್ಲ" ಎಂದು ಎದೆಯುಬ್ಬಿಸಿಯೇ ಶುರು ಮಾಡಿದಳು.

ಹಿಂದಿನ ಪರದೆಯಲ್ಲಿ ಓಡುತ್ತಿದ್ದ ಲೆಕ್ಕಗಳ ಪಟ್ಟಿ ಮೂಡಿತು. ಅದರಲ್ಲಿ ಗಂಡನದೂ ಇತ್ತು, ಮುಗಿಯಲು ಇನ್ನು ತುಸುವೇ ಬಾಕಿ. "ಊಟ ಆದ್ಮೇಲೆ ತೋರಿಸ್ತೀನಿ" ಎಂದಿದ್ದರೆ ಸಾಕಿತ್ತು, ಯಾರೂ ಅವಳನ್ನು ನೇಣಿಗೆ ಹಾಕುತ್ತಿರಲಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಪ್ರತಿಸ್ಪರ್ಧಿ ಪ್ರಯೋಗಾಲಯದ ಬೋಳುತಲೆಯವರೊಬ್ಬರು ಅವಳು ಎಲ್ಲಿ ಎಡವುತ್ತಾಳೋ ಎಂದು ಕಾದು ಕೂತಿದ್ದರು. ಅವರ ಹಿಂದೆ ಗಂಡ. ಅವನೂ ಪಟ್ಟಿ ನೋಡಿದ್ದ. ಅವಳು ಅವನ ಮುಖ ನೋಡಿದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಅವಳು ಗುಂಡಿ ಒತ್ತಿದಳು. ಪಟ್ಟಿಯ ಸಾಲುಗಳೆಲ್ಲ ಕೆಂಪಾದವು, ಗ್ರಿಡ್ ಇಡಿಯಾಗಿ ಚಂಡಮಾರುತದ ಕಡೆ ತಿರುಗಿತು. ಸಭೆ ಚಪ್ಪಾಳೆ ತಟ್ಟಿತು.

"ನಿಲ್ಲಿಸಿದ್ರಲ್ಲಿ ಯಾವುದಾದರೂ ಪೂರ್ತಿ ಹಾಳಾಯ್ತಾ?" ಎಂದು ಬೋಳುತಲೆಯವರು ಕೇಳಿದರು.

"ಒಂದು. ಅದು ಏನನ್ನೂ ಉಳಿಸಿಟ್ಟುಕೊಳ್ತಿರಲಿಲ್ಲ."

"ಈ ಕಾಲದಲ್ಲೂ ಹಾಗೆ ಓಡಿಸ್ತಾರಾ? ಯಾರಪ್ಪಾ ಆ ಪುಣ್ಯಾತ್ಮ?"

ಸಭೆಯೆಲ್ಲ ನಕ್ಕಿತು. ಗಂಡನೂ ನಕ್ಕ. ಅದನ್ನು ನೋಡಿ ಅವಳಿಗೆ ತನ್ನ ಮೇಲೇ ಅಸಹ್ಯ ಬಂತು.

ಊಟಕ್ಕೆ ಇಬ್ಬರೂ ಎದುರುಬದುರು ಕೂತರು.

"ಕೈ ಎತ್ತಬಹುದಿತ್ತು ನೀನು" ಎಂದಳು.

"ನೀನು ನನ್ನ ಮುಖ ನೋಡ್ದೆ. ನೋಡಿದ್ಮೇಲೆ ಒತ್ತಿದೆ. ಇನ್ನು ಕೈ ಎತ್ತಿ ಏನು ಮಾಡ್ಲಿ?" ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಲ್ಯಾಪ್‌ಟಾಪ್ ತೆರೆದು ಲೆಕ್ಕವನ್ನು ಮತ್ತೆ ಕಳಿಸಿದ. ಅದು ಸಾಲಿನ ಕಟ್ಟಕಡೆಗೆ ಹೋಗಿ ನಿಂತದ್ದು ಅವಳ ಫೋನಿನಲ್ಲಿ ಕಂಡಿತು.

ಅವಳು ಚಮಚ ಕೆಳಗಿಟ್ಟು ಕಾದಳು. ಇವತ್ತು ಅವನು ‘ಮುಂದಕ್ಕೆ ತಳ್ಳೇ’ ಎಂದೊಂದು ಮಾತು ಅಂದಿದ್ದರೆ ಸಾಕಿತ್ತು, ಮಾನ ಮರ್ಯಾದೆ ಎಲ್ಲ ಬದಿಗಿಟ್ಟು ಅದನ್ನು ಸಾಲಿನ ಮೊಟ್ಟಮೊದಲಿಗೇ ತಂದು ನಿಲ್ಲಿಸುತ್ತಿದ್ದಳು.

ಅವನು ಲ್ಯಾಪ್‌ಟಾಪ್ ಮುಚ್ಚಿದ. "ನೀರು ಬೇಕಾ?" ಎಂದು ಕೇಳಿದ.