ಎಡಕ್ಕೆ ಸುತ್ತಿದ ಸುರುಳಿ

ಮೊಂಡಿ ಉಸಿರು ಬಿಗಿಹಿಡಿದು ಕೊನೆಯ ಪಟ್ಟಿಯನ್ನು ಚಿಮಟದಲ್ಲಿ ಎಳೆದಳು. ಅದು ಅರ್ಧ ಬಂದು ಕಚ್ಚಿಕೊಂಡಿತು.

"ಬಾರಪ್ಪ ಬಾ," ಎಂದಳು ಪಟ್ಟಿಗೆ.

"ಮೂರೂ ಮುಕ್ಕಾಲು," ಎಂದ ಅಣ್ಣ ಬಾಗಿಲಿಗೆ ಒರಗಿಕೊಂಡು.

"ನನಗೂ ಗಡಿಯಾರ ನೋಡೋಕೆ ಬರುತ್ತೆ."

ಹಳೇ ಫಿಲ್ಮ್ ರೋಲಿನಿಂದ ಕತ್ತರಿಸಿದ, ಉಗುರಗಲದ ಪಟ್ಟಿ ಅದು. ಸ್ಪೀಕರಿನ ಕಾಗದದ ಕೋನಿನ ನಟ್ಟನಡುವೆ, ಅಯಸ್ಕಾಂತದ ಸಂದಿನಲ್ಲಿ, ತಾಮ್ರದ ತಂತಿಯ ಸಣ್ಣ ಸುರುಳಿಯೊಂದು ತೂಗುತ್ತಿರುತ್ತದೆ. ಅದು ಸುತ್ತಮುತ್ತ ಎಲ್ಲೂ ತಾಗಬಾರದು; ಕೂದಲೆಳೆಯಷ್ಟು ತಾಗಿದರೂ ಹಾಡೆಲ್ಲ ಗರಗರ. ಕೋನಿನ ಸುತ್ತ ಪುಡಿಪುಡಿಯಾಗಿದ್ದ ಹಳೇ ಅಂಚನ್ನು ಕೆರೆದು ಹೊಸದನ್ನು ಅಂಟಿಸಿದ ಮೇಲೆ, ಅಂಟು ಒಣಗುವವರೆಗೆ ಸುರುಳಿ ಅಲುಗದಿರಲೆಂದು ಮೊಂಡಿ ಎಂಟು ಪಟ್ಟಿ ತುರುಕಿದ್ದಳು. ಏಳು ಹೊರಬಂದಿದ್ದವು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಒಂಬತ್ತು ವರ್ಷ ಪಳಗಿದ ಕೈ ಅವಳದು. ಬರೆಯುವುದಕ್ಕೆ ಬಲಗೈ, ಅದು ಸ್ಕೂಲಿನಲ್ಲಿ ಏಟು ತಿಂದು ಕಲಿತದ್ದು; ನಾಜೂಕು ಕೆಲಸಕ್ಕೆಲ್ಲ ಎಡಗೈ. ಆ ಎಡಗೈ ಚಿಮಟವನ್ನು ಒಂಚೂರು ಓರೆ ಮಾಡಿತು. ಎಂಟನೆಯದೂ ಬಂತು.

ಎರಡೂ ಹೆಬ್ಬೆರಳಿನಿಂದ ಕೋನನ್ನು ಮೆಲ್ಲಗೆ ಒತ್ತಿ ಬಿಟ್ಟಳು. ಸದ್ದಿಲ್ಲ. ಸುರುಳಿಯ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಹದಿನೇಳು ಎಂಬ ಅಂಕಿ ಇಣುಕುತ್ತಿತ್ತು. ಹದಿನೇಳು ಎಂದರೆ ಸೋದರತ್ತೆ. ಸ್ಪೀಕರ್ ಕಾರ್ಖಾನೆಯಲ್ಲಿ ಸುರುಳಿ ಸುತ್ತುವವರೆಲ್ಲ ತಮ್ಮ ನಂಬರು ಹಾಕಲೇಬೇಕಿತ್ತು, ಕೆಟ್ಟರೆ ಬೈಗುಳ ಯಾರಿಗೆ ಅಂತ ಗೊತ್ತಾಗಬೇಕಲ್ಲ. ಕಾರ್ಖಾನೆ ಮುಚ್ಚಿದಾಗ ಅತ್ತೆ ಸೊಂಟದೆತ್ತರದ ಈ ಜೋಡಿ ಸ್ಪೀಕರ್ ಪೆಟ್ಟಿಗೆಗಳನ್ನು ಮನೆಗೆ ತಂದಿದ್ದಳು; ಎಡದ್ದರ ಸುರುಳಿ ಅವಳು ಸುತ್ತಿದ್ದು, ಬಲದ್ದು ಬೇರೆ ಯಾರೋ. ಸಾಯುವಾಗ, "ಇವು ಮೊಂಡಿಗೆ, ಬೇರೆ ಯಾರೂ ಕಣ್ಣು ಹಾಕ್ಬೇಡಿ," ಎಂದಿದ್ದಳು. ಯಾರೂ ಕಣ್ಣು ಹಾಕಿರಲಿಲ್ಲ. ಎರಡು ವರ್ಷದಿಂದ ಎಲ್ಲರೂ ಅವಕ್ಕೆ ಮೊಣಕಾಲು ಹೊಡೆಸಿಕೊಂಡಿದ್ದರು ಅಷ್ಟೆ. ಅತ್ತಿಗೆಯ ಕಸೂತಿ ಮೆಷಿನ್ ಮಲಗುವ ಕೋಣೆಯಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅವಳಿಗೆ ಹಾಲಿನಲ್ಲಿ ಈ ಪೆಟ್ಟಿಗೆಗಳು ನಿಂತ ಗೋಡೆ ಬೇಕಿತ್ತು. ಬೇಕಾದ್ದು ತಪ್ಪೂ ಅಲ್ಲ.

ಹಾಗಾಗಿ ಅಣ್ಣ ಮೂರು ವಾರದ ಹಿಂದೆ ಒಂದು ಷರತ್ತು ಹಾಕಿದ್ದ. ಈ ಭಾನುವಾರ ನಾಲ್ಕು ಗಂಟೆಗೆ ಅವು ಹಾಡಿದರೆ ಇರಲಿ. ಹಾಡದಿದ್ದರೆ ಹಳೇ ಸಾಮಾನಿನ ವ್ಯಾಪಾರಿ ಬಂದು ಎತ್ತಿಕೊಂಡು ಹೋಗುತ್ತಾನೆ, ಆಮೇಲೆ ಅವಳು ಚಕಾರ ಎತ್ತಬಾರದು.

"ಎತ್ತಲ್ಲ," ಎಂದಿದ್ದಳು ಮೊಂಡಿ. "ಆದ್ರೆ ಹಾಡುತ್ತೆ."

ಸುರುಳಿಯ ಮೇಲಿನ ಮುಚ್ಚಳ ಅಂಟಿಸಲು ಹೊತ್ತಿರಲಿಲ್ಲ. ಹಳೇ ವೈರುಗಳು ಪೆಡಸಾಗಿ ಒಡೆದಿದ್ದವು. ಎಡಪೆಟ್ಟಿಗೆಯ ವೈರಿಗೆ ಒಂದು ಗಂಟು ಬೇರೆ. ಬಿಚ್ಚಲು ಹೋದರೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಕತ್ತರಿಸಿ ಬುಟ್ಟಿಗೆಸೆದು ಹೊಸ ವೈರು ಸಿಕ್ಕಿಸಿದಳು. ಕೆಂಪು ಚುಕ್ಕೆಗೆ ಕೆಂಪು, ಕಪ್ಪಿಗೆ ಕಪ್ಪು.

ವ್ಯಾಪಾರಿ ಐದು ನಿಮಿಷ ಮುಂಚೆಯೇ ಬಂದ. ಪೆಟ್ಟಿಗೆ ಮುಟ್ಟುವ ಮೊದಲು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಗುಜರಿ ಸಾಮಾನು ಮುಟ್ಟುವವರು ಹಾಗೆ ಒರೆಸಿಕೊಳ್ಳುವುದಿಲ್ಲ ಎಂಬುದು ಮೊಂಡಿಯ ಕಣ್ಣಿಗೆ ಬಿತ್ತು.

ಅವಳು ಪ್ಲೇಯರಿನ ಮುಳ್ಳನ್ನು ರೆಕಾರ್ಡಿನ ಮೇಲಿಟ್ಟಳು. ಒಬ್ಬಳು ಹಾಡುವವಳು, ಹಿಂದೆ ಒಂದು ದೊಡ್ಡ ಮದ್ದಳೆ. ಗರಗರ ಇರಲಿಲ್ಲ. ಆದರೆ ಮದ್ದಳೆಯೂ ಇರಲಿಲ್ಲ. ಬೆರಳಲ್ಲಿ ಖಾಲಿ ಡಬ್ಬ ತಟ್ಟಿದ ಹಾಗೆ ಏನೋ ಪಟಪಟ ಅನ್ನುತ್ತಿತ್ತು.

ವ್ಯಾಪಾರಿ ತಲೆ ವಾಲಿಸಿ ಕೇಳಿದ. ಒಂದು ಸಲ ವೈರುಗಳ ಕಡೆ ನೋಡಿ, ಥಟ್ಟನೆ ಸೂರಿನ ಕಡೆ ನೋಡಿದ. "ಪಾಪ, ವಯಸ್ಸಾಗಿದೆ. ಅಯಸ್ಕಾಂತ ಸತ್ತುಹೋಗಿರ್ಬೇಕು. ಇರಲಿ, ಪೆಟ್ಟಿಗೆ ಮರ ಚೆನ್ನಾಗಿದೆ. ಕೆಳಗೆ ವ್ಯಾನ್ ನಿಂತಿದೆ."

"ಹಾಡ್ತಿದೆ," ಎಂದಳು ಮೊಂಡಿ.

"ಇಷ್ಟು ನನ್ನ ಫೋನೂ ಹಾಡುತ್ತೆ ಕಣೇ," ಎಂದ ಅಣ್ಣ.

ಅತ್ತಿಗೆ ಮೂಗು ಮುರಿದಳು. "ಆ ಹಾಡೋಳು ಎಲ್ಲಿ ನಿಂತಿದ್ದಾಳೆ ಅಂತಲೇ ಗೊತ್ತಾಗಲ್ಲ. ಒಂದ್ಸಲ ಅಡುಗೆಮನೇಲಿ ಇದ್ದ ಹಾಗೆ, ಒಂದ್ಸಲ ನನ್ನ ತಲೆ ಹಿಂದೆ."

ಮೊಂಡಿ ಅತ್ತಿಗೆಯ ಮುಖವನ್ನೇ ನೋಡಿದಳು. ಮೂವರ ಪೈಕಿ ಕಿವಿ ಕೊಟ್ಟು ಕೇಳಿದವಳು ಅವಳೊಬ್ಬಳೇ. ಮುಳ್ಳೆತ್ತಿ, ಕುರ್ಚಿ ಹತ್ತಿ, ಗೋಡೆ ಗಡಿಯಾರವನ್ನು ಇಳಿಸಿ ಹಿಂದಿನ ಬ್ಯಾಟರಿ ಕಿತ್ತಳು. ಅದರ ಮುಳ್ಳುಗಳು ನಾಲ್ಕು ಗಂಟೆ ಎರಡು ನಿಮಿಷಕ್ಕೆ ನಿಂತವು.

"ಗಡಿಯಾರ ನಿಲ್ಲಿಸಿದ್ರೆ ಹೊತ್ತು ನಿಲ್ಲುತ್ತಾ?" ಅಣ್ಣನಿಗೆ ನಗು.

ಅವಳು ಬಲಪೆಟ್ಟಿಗೆಯ ವೈರುಗಳನ್ನು ಬ್ಯಾಟರಿಗೆ ತಾಗಿಸಿದಳು. ಕೋನು ಟಪ್ಪೆಂದು ಮುಂದೆ ಬಂತು. ಎಡಪೆಟ್ಟಿಗೆಯ ವೈರುಗಳನ್ನೂ ಹಾಗೆಯೇ, ಕೆಂಪನ್ನು ಬ್ಯಾಟರಿಯ ಅದೇ ತುದಿಗೆ ಹಿಡಿದು, ತಾಗಿಸಿದಳು. ಕೋನು ಟಪ್ಪೆಂದು ಒಳಗೆ ಹೋಯಿತು. ಒಂದು ಮುಂದೆ ನೂಕಿದ ಗಾಳಿಯನ್ನು ಇನ್ನೊಂದು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಮದ್ದಳೆ ಇಬ್ಬರ ಜಗಳದಲ್ಲಿ ಸತ್ತಿತ್ತು.

ಹದಿನೇಳು. ಅತ್ತೆಯೂ ಎಡಚಿ. ಸುತ್ತುವ ಯಂತ್ರದ ಹಿಡಿಕೆ ಇದ್ದದ್ದು ಬಲಗೈಗೆ. ಅತ್ತೆ ಯಂತ್ರವನ್ನೇ ಮೇಜಿನ ಮೇಲೆ ತಿರುಗಿಸಿಟ್ಟುಕೊಂಡು ಸುತ್ತುತ್ತಿದ್ದಳು; ಅವಳ ಸುರುಳಿಗಳೆಲ್ಲ ಉಲ್ಟಾ. ಮೇಲ್ವಿಚಾರಕ ಎಷ್ಟು ಎಗರಾಡಿದರೂ ಯಂತ್ರ ನೆಟ್ಟಗಾಗಲಿಲ್ಲ. "ನನ್ನ ಸುರುಳಿ ಬಂದ್ರೆ ವೈರು ಅದಲು ಬದಲು ಮಾಡ್ಬೇಕು ಅಂತ ಇಡೀ ಕಾರ್ಖಾನೆಗೇ ಗೊತ್ತಿತ್ತು," ಎಂದು ಅವಳು ಹೇಳಿ ನಗುತ್ತಿದ್ದದ್ದನ್ನು ಮೊಂಡಿ ನೂರು ಸಲ ಕೇಳಿದ್ದಳು. ಕೇಳಿಯೂ, ಅಂಕಿಯನ್ನು ಕಣ್ಣಾರೆ ಕಂಡೂ, ಅತ್ತೆ ಗುರುತಿಗೆಂದು ಹಾಕಿದ ಗಂಟನ್ನು ಕೈಯಾರೆ ಕತ್ತರಿಸಿದ್ದಳು. ಕೆಂಪಿಗೆ ಕೆಂಪೇ ಸರಿ ಎಂದು ಬಲಗೈಯವರ ಹಾಗೆ ಯೋಚಿಸಿದ್ದಳು.

ಎಡಪೆಟ್ಟಿಗೆಯ ವೈರುಗಳನ್ನು ಅದಲು ಬದಲು ಮಾಡಿ ಮುಳ್ಳನ್ನು ಮತ್ತೆ ಇಟ್ಟಳು.

ಮದ್ದಳೆ ನೆಲದಿಂದ ಎದ್ದಿತು. ಕಿಟಕಿಯ ಗಾಜು ಗುಂಯ್ ಎಂದಿತು. ಹಾಡುವವಳು ಬಂದು ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ, ಸರಿಯಾಗಿ ಆಳೆತ್ತರದಲ್ಲಿ, ನಿಂತುಕೊಂಡಳು. ಅತ್ತಿಗೆ ತನಗೆ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟಳು.

ಹಾಡು ಮುಗಿದ ಮೇಲೆ ಮೊಂಡಿ ಮುಳ್ಳೆತ್ತಿದಳು.

"ನಿಮಗೆ ಗೊತ್ತಿತ್ತು," ಎಂದಳು ಮೊಂಡಿ ವ್ಯಾಪಾರಿಗೆ.

"ನಾನು ವ್ಯಾಪಾರಿ ಕಣಮ್ಮ, ಮೇಷ್ಟ್ರಲ್ಲ." ಅವನು ನಾಚಲಿಲ್ಲ. ಕುರ್ಚಿ ಎಳೆದು ಕೂತು, ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಎಡಪೆಟ್ಟಿಗೆಯ ಸುರುಳಿಯೊಳಗೆ ಬೆಳಕು ಬಿಟ್ಟ. "ಈಗ ನೇರವಾಗಿ ಮಾತಾಡೋಣ. ಆಗ ಹೇಳಬೇಕು ಅಂದ್ಕೊಂಡಿದ್ದ ರೇಟಿನ ಹತ್ತು ಪಟ್ಟು ಕೊಡ್ತೀನಿ. ಒಂದೇ ಕೆಲಸ. ಈ ಸುರುಳಿ ತೆಗೆದು ಹೊಸದು ಹಾಕಿಕೊಡು. ಕೊಳ್ಳೋರು ಒಳಗೆಲ್ಲ ಇಣುಕ್ತಾರೆ. ಉಲ್ಟಾ ಸುತ್ತಿದ್ದು, ಪೆನ್ಸಿಲ್ ಗೀಚಿದ್ದು ಕಂಡ್ರೆ ಕಾರ್ಖಾನೆ ಬಿಸಾಕಿದ ಮಾಲು ಅಂತಾರೆ."

"ಹತ್ತು ಪಟ್ಟಾ?" ಅಣ್ಣ ಬಾಗಿಲು ಬಿಟ್ಟು ಒಳಗೆ ಬಂದ.

"ಇನ್ನೂ ಇದೆ. ನನ್ನ ಅಂಗಡಿ ಹಿಂದೆ ಒಳ್ಳೇ ಬೆಳಕಿರೋ ಕೋಣೆ ಇದೆ. ಇಂಥವು ನಲವತ್ತು ಬಿದ್ದಿವೆ. ನಿಮ್ಮಣ್ಣ ಹೇಳಿದ ಆ ಹಲ್ಲಿನ ಕೆಲಸ ಬಿಟ್ಟು ಬಾ. ಕೈ ನಿನ್ನದು, ಚೀಟಿ ನಂದು. ನನ್ನ ಅಂಗಡಿ ಚೀಟಿ ಅಂಟಿದ್ರೆ ಜನ ಕಣ್ಮುಚ್ಚಿ ತಗೋತಾರೆ."

"ನೋಡು, ಹಾಡಿದ್ರೆ ಇರಲಿ ಅಂದೆ, ನಿಜ," ಅಣ್ಣ ತಲೆ ಕೆರೆದುಕೊಂಡ. "ಮಾರಲೇಬಾರದು ಅಂತ ಎಲ್ಲಂದೆ? ಅತ್ತೆ ಇದ್ದಿದ್ರೂ ಬೇಡ ಅಂತಿರ್ಲಿಲ್ಲ."

"ಅತ್ತೆ ಯಂತ್ರಾನೇ ತಿರುಗಿಸಿದೋಳು," ಎಂದಳು ಅತ್ತಿಗೆ, ಗೋಡೆಯನ್ನು ಕಣ್ಣಲ್ಲೇ ಅಳೆಯುತ್ತ. "ನೀವು ಸುಮ್ನಿರ್ರೀ."

ಮೊಂಡಿ ಬುಟ್ಟಿಗೆ ಕೈ ಹಾಕಿ ಗಂಟಿನ ತುಂಡನ್ನು ಹುಡುಕಿ ತೆಗೆದಳು. ಅದನ್ನು ಎಡಪೆಟ್ಟಿಗೆಯ ಹಿಂದೆ, ಹೊಸ ವೈರಿಗೆ ಬಿಗಿಯಾಗಿ ಕಟ್ಟಿದಳು. ಆಮೇಲೆ ಮುಚ್ಚಳದ ಅಂಚಿಗೆ ಎಡಗೈಯಲ್ಲಿ ತೆಳ್ಳಗೆ ಅಂಟು ಬಳಿಯತೊಡಗಿದಳು.

"ಏನಂತೀಯ?" ಎಂದ ವ್ಯಾಪಾರಿ. ಟಾರ್ಚಿನ ಬೆಳಕು ಇನ್ನೂ ಹದಿನೇಳರ ಮೇಲಿತ್ತು.

"ಟಾರ್ಚ್ ತೆಗೀರಿ. ಮುಚ್ಚಳ ಹಾಕ್ಬೇಕು."

"ಪೆಟ್ಟಿಗೆ?"

"ಕೊಡಲ್ಲ."

"ಸರಿ, ಇಟ್ಕೋ. ಕೆಲಸಕ್ಕಾದ್ರೂ ಬಾ."

"ಬರಲ್ಲ. ಕೈ ನಂದಾದ್ರೆ ನಂಬರೂ ನಂದೇ ಇರ್ಬೇಕು."